ನೂಲು ಮೇಸ್ತ್ರಿಯ ಸೊಟ್ಟ ಕೊಳ

ಕೊಳ ಮುಚ್ಚಲು ಹಲಗೆಗಳು ಸಾಲದೆ ಹೋದಾಗ ಭಾವ ಹಿತ್ತಿಲ ಬಾಗಿಲನ್ನೇ ಕೀಲು ಕಳಚಿ ಎತ್ತಿದರು. ಒಂದು ತುದಿಯನ್ನು ಅವರು, ಇನ್ನೊಂದನ್ನು ಕುರ್ಚಿ ಇಳಿಸಲು ಬಂದಿದ್ದ ಬಾಡಿಗೆ ಅಂಗಡಿಯವನು ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂದು ಅದನ್ನು ಕೊಳದ ಮೇಲೆ ಮಲಗಿಸಿದರು. ಬಾಗಿಲು ನೀರಿನ ಮುಕ್ಕಾಲು ಭಾಗವನ್ನು ಮುಚ್ಚಿತು. ಉಳಿದದ್ದು ಬಾಗಿಲಿನ ಚೌಕಕ್ಕೆ ಸಿಕ್ಕದೆ, ಬಿಗಿ ಅಂಗಿಯಿಂದ ಹೊರಬಂದ ಹೊಟ್ಟೆಯ ಹಾಗೆ ಎರಡೂ ಕಡೆ ಉಬ್ಬಿಕೊಂಡಿತ್ತು.

“ಇದೇನು ಆಕಾರವೋ,” ಎಂದರು ಭಾವ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. “ಜೀವಮಾನವೆಲ್ಲ ನೂಲು ಹಿಡಿದವನು ಕೊನೆಗೆ ಹಿಂಗೆ ಅಗೆದು ಹೋದ.”

ಈಗ ಬಾಗಿಲಿಲ್ಲದ ಅಡುಗೆಮನೆಯ ಚೌಕಟ್ಟಿನಲ್ಲಿ ನಿಂತು ಅವಳು ನೋಡುತ್ತಿದ್ದಳು. ಕೈಯಲ್ಲಿ ಚಹಾದ ದೊಡ್ಡ ಪಾತ್ರೆ. ಮುಂದಿನ ಕೋಣೆಯಲ್ಲಿ ಗಂಡ ಮಲಗಿದ್ದ. ನಿನ್ನೆ ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ನಿದ್ದೆಯಲ್ಲೇ ಎದೆ ನಿಂತಿದೆ ಎಂದರು ಡಾಕ್ಟರು. ಬಂದವರೆಲ್ಲ ಅದನ್ನು ಪುಣ್ಯದ ಸಾವು ಎನ್ನುತ್ತಿದ್ದರು. ಅವಳಿಗೆ ಮಾತ್ರ, ಅರ್ಧ ಕೆಲಸ ಬಿಟ್ಟು ಊಟಕ್ಕೆ ಎದ್ದು ಹೋದವರ ಹಾಗೆ ಅನ್ನಿಸುತ್ತಿತ್ತು. ಈಗ ಬಂದಾರು, ಕೈ ಒರೆಸಿಕೊಂಡು ಮತ್ತೆ ಕೂತಾರು.

ಅವನು ಟೈಲ್ಸ್ ಕೂರಿಸುವ ಮೇಸ್ತ್ರಿ. ನೂಲು ಎಳೆಯದೆ ಒಂದು ಬಿಲ್ಲೆಯನ್ನೂ ಇಡದ ಕಾರಣಕ್ಕೆ ಕೆಲಸದವರೆಲ್ಲ ನೂಲು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವಳು ಮನೆಯಲ್ಲೇ ಕೂತು ಹರಿದ ಬಟ್ಟೆಗೆ ರಫೂ ಮಾಡುವವಳು. ಒಂದು ಎಳೆ ಸೊಟ್ಟ ಹೋದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ; ಹೊಲಿದ ಎಳೆ ಬಟ್ಟೆಯಲ್ಲಿ ಬೆರೆಯದೆ ನೆಟ್ಟಗೆ ಕಂಡರೆ ಅವಳ ಕೆಲಸ ಕೆಟ್ಟ ಹಾಗೆ. ಈ ಎರಡು ಕೈಗಳು ಸೇರಿ ತೋಡಿದ್ದು ಆ ಕೊಳ. ಇನ್ನೂ ಮುಗಿದಿರಲಿಲ್ಲ.

ಮಗಳು ತನ್ನ ಮಗು ಪುಟ್ಟಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಕೊಳದ ಮೇಲಿನ ಬಾಗಿಲನ್ನು ಕಾಲಿನಿಂದ ಒತ್ತಿ ನೋಡಿದಳು. ಅದು ಅಲುಗಾಡಿತು. ಪುಟ್ಟಿಗೆ ನಡಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬಂದ ಮೇಲೆ ನಿಂತದ್ದೇ ಇಲ್ಲ. ಜನ ಬಂದು ಹೋಗುವ ಮನೆ, ಯಾರ ಕಣ್ಣು ಎಲ್ಲಿರುತ್ತದೋ ಎಂದು ಭಾವ ಹೇಳುತ್ತಿದ್ದರು. ಇದನ್ನು ಹೀಗೇ ಬಿಡುವುದು ಬೇಡ, ಒಂದು ಲಾರಿ ಮಣ್ಣಿಗೆ ಹೇಳಿದ್ದೇನೆ, ಸಂಜೆಯೊಳಗೆ ಬರುತ್ತದೆ ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ತಮ್ಮ ಸತ್ತ ಮನೆಯಲ್ಲಿ ಕೈಗೆ ಏನಾದರೂ ಕೆಲಸ ಬೇಕಾಗಿತ್ತು ಅವರಿಗೆ.

ಅವಳು ಮಗಳ ಮುಖ ನೋಡಿದಳು.

“ನನ್ನ ನೋಡಬೇಡಮ್ಮ,” ಎಂದಳು ಮಗಳು. ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. “ಮಗು ಮುಳುಗೋಕೆ ಬಕೆಟ್ ನೀರು ಸಾಕು. ಎಂಥೆಂಥವರ ಮಕ್ಕಳನ್ನ ಎತ್ಕೊಂಡು ಬರ್ತಾರೆ, ನಾನು ನೋಡಿದ್ದೀನಿ. ಅಪ್ಪ ಮಾಡಿದ್ದು ಅಂತ ನನಗೂ ಕರುಳು ಚುರುಕ್ ಅನ್ನುತ್ತೆ. ಆದರೆ ಈ ಗುಂಡಿ ಇರೋ ತನಕ ಪುಟ್ಟೀನ ಈ ಮನೆಗೆ ಕರ್ಕೊಂಡು ಬರಲ್ಲ.”

ಮಗಳು ಹೇಳಿದ್ದರಲ್ಲಿ ಅವಳು ತಪ್ಪು ಹುಡುಕಿದಳು, ಸಿಗಲಿಲ್ಲ. ಚಹಾ ಆರುತ್ತದೆ ಎಂದು ಒಳಗೆ ಹೋದಳು.

*

ಕೊಳದ ಆಸೆ ಅವಳದು. ಕಿಟಕಿಯ ಬಳಿ ಕೂತು ದಿನವಿಡೀ ಬೇರೆಯವರ ಬಟ್ಟೆಯ ತೂತುಗಳನ್ನು ದಿಟ್ಟಿಸುವ ಕಣ್ಣಿಗೆ, ತಲೆ ಎತ್ತಿದಾಗ ಸ್ವಲ್ಪ ನೀರು ಕಂಡರೆ ಚೆನ್ನ ಎಂದಿದ್ದಳು. ಮಂಡಿ ಕೈಕೊಟ್ಟು ಕೆಲಸ ಬಿಟ್ಟ ವರ್ಷ ಅವನು ಅದಕ್ಕೆ ಕೈ ಹಾಕಿದ. ಎಷ್ಟು ತೊಟ್ಟಿ ಕಟ್ಟಿಲ್ಲ ನಾನು, ಇದೇನು ಮಹಾ ಎಂದು ಗೂಟ ನೆಟ್ಟು, ನೂಲು ಕಟ್ಟಿ, ಮೂಲೆಗೆ ಮೂಲೆಮಟ್ಟ ಇಟ್ಟು ಅಗೆದ. ಅಂಚು ಬೆಣ್ಣೆ ಕತ್ತರಿಸಿದ ಹಾಗೆ ಬಂತು.

“ರೀ, ಇದು ಕೊಳ ಅಲ್ಲ. ಮುಚ್ಚಳ ಮರೆತ ಟ್ಯಾಂಕು,” ಎಂದಳು ಅವಳು.

ಅವನು ಒಂದು ವಾರ ಮುನಿಸಿಕೊಂಡ. ಆಮೇಲೆ ಮೂಲೆಗಳನ್ನು ಕೆತ್ತಿ ದುಂಡಗೆ ಮಾಡಲು ಹೋದ. ಅದು ತಟ್ಟೆಯ ಹಾಗೆ ಪೂರ್ತಿ ದುಂಡಗಾಯಿತು. ಸೊಟ್ಟ ಅಗೆಯುವ ವಿದ್ಯೆ ತನಗೆ ಒಲಿಯುವುದಿಲ್ಲ ಎಂದು ಗುದ್ದಲಿ ಎಸೆದು ಕೂತ. ಕೊನೆಗೆ ಅಗೆದದ್ದನ್ನು ಮುಚ್ಚಿ, ಒಂದು ಬೆಳಿಗ್ಗೆ ಗಿಡಕ್ಕೆ ನೀರು ಬಿಡುವ ಪೈಪನ್ನು ತಂದು ಅವಳ ಕೈಗೆ ಕೊಟ್ಟ.

“ಕಣ್ಣು ಮುಚ್ಕೊಂಡು ಎಸೆಯೇ. ಬಿದ್ದ ಹಾಗೆ ಅಗೀತೀನಿ.”

ಅವಳು ಎಸೆದಳು. ಪೈಪು, ಮಗುವಿನ ಕೈಗೆ ಸಿಕ್ಕಿ ಹಿಸುಕಿಹೋದ ಬೇಯಿಸಿದ ಗೆಣಸಿನ ಹಾಗೆ ಬಿತ್ತು. ಅವನು ಅದರ ಸುತ್ತ ಬಹಳ ಹೊತ್ತು ತಿರುಗಿದ. ಒಂದು ಕಡೆ ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ ಒಂದು ಡೊಂಕನ್ನು ನೆಟ್ಟಗೆ ಮಾಡಿದ. ಅವಳು ಕಿಟಕಿಯಿಂದ ನೋಡಿದವಳು ಹೊರಗೆ ಬಂದು ಕಾಲಿನಿಂದಲೇ ಅದನ್ನು ಮೊದಲಿನಂತೆ ಎಳೆದಿಟ್ಟು ಹೋದಳು.

ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಅಗೆದ. ಚೂಪು ಕಲ್ಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಇಬ್ಬರೂ ಕೂತು ಆರಿಸಿದರು. ಮರಳು ಹಾಸಿ, ಅವಳು ಹೊಲಿದು ಸೇರಿಸಿದ ಹಳೆಯ ಕಂಬಳಿಗಳನ್ನು ಅದರ ಮೇಲೆ ಹರಡಿ, ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಕಿದರು. ಅವನು ನೀರನ್ನು ಸಣ್ಣಗೆ ಬಿಡುತ್ತಿದ್ದ. ನೀರು ಏರಿದ ಹಾಗೆಲ್ಲ ಅವಳು ಹಾಳೆಯ ಸುಕ್ಕುಗಳನ್ನು ಅಂಗೈಯಿಂದ ತೀಡುತ್ತಿದ್ದಳು. ಎಲ್ಲ ಸೊಟ್ಟ ಇರಲಿ, ಅಂಚಿನ ಮಟ್ಟ ಮಾತ್ರ ತನ್ನದು ಎಂದು ಅವನು ಹಟ ಹಿಡಿದ. ಈ ದಡದಿಂದ ಆ ದಡಕ್ಕೆ ಹಲಗೆ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಮಣ್ಣು ತೆಗೆದ, ಮಣ್ಣು ತುಂಬಿದ.

“ಜನರ ಕಣ್ಣಿಗೆ ಮಣ್ಣು ಎರಚಬಹುದು ಕಣೇ, ನೀರಿಗೆ ಆಗಲ್ಲ. ಒಂದು ಕಡೆ ತಗ್ಗಿದ್ರೆ ಅದೇ ಊರಿಗೆಲ್ಲ ಹೇಳಿಬಿಡುತ್ತೆ.”

*

ಹೊತ್ತು ಏರುವ ಮೊದಲೇ ಎತ್ತಬೇಕೆಂದು ಹಿರಿಯರು ಹೇಳಿದರು. ಅವನೊಂದಿಗೆ ಕೆಲಸ ಮಾಡಿದ್ದ ಇಬ್ಬರು ಟೈಲ್ಸಿನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕೂತಲ್ಲೇ ಅವರ ಕಣ್ಣು ನೆಲದ ಸಂದುಗಳ ಮೇಲೆ ಓಡುತ್ತಿತ್ತು. ಈ ಮನೆಯ ನೆಲವನ್ನು ಮೇಸ್ತ್ರಿ ಎರಡು ಸಲ ಕಿತ್ತು ಹಾಕಿದ್ದ ಕತೆಯನ್ನು ಒಬ್ಬ ಮೆಲ್ಲಗೆ ಹೇಳಿದ. ಇನ್ನೊಬ್ಬ, ತನ್ನ ಮದುವೆಗೆ ಬಂದ ಮೇಸ್ತ್ರಿ ಉಡುಗೊರೆ ಕೊಡುವ ಮೊದಲು ಕಲ್ಯಾಣಮಂಟಪದ ಗೋಡೆಯ ಬಿಲ್ಲೆ ತಟ್ಟಿ ನೋಡಿ ಪೊಳ್ಳು ಎಂದಿದ್ದನ್ನು ನೆನೆದ. ನಗು ಬಂದು, ನಗಬಾರದೆಂದು ಇಬ್ಬರೂ ಕೆಮ್ಮಿದರು.

ಮೇಸ್ತ್ರಿಗೆ ಕಿಟಕಿ ಸರಳು ಮಾಡಿಕೊಡುತ್ತಿದ್ದ ವೆಲ್ಡರ್ ಮಾತ್ರ ಕೂರಲಿಲ್ಲ. ಬೆಳಗಿನಿಂದ ಬಾಗಿಲ ಬಳಿಯೇ ನಿಂತಿದ್ದ. ಅವಳು ಅತ್ತ ಹೋದಾಗೆಲ್ಲ ಅಕ್ಕ ಎನ್ನಲು ಬಾಯಿ ತೆರೆದು ಮತ್ತೆ ಮುಚ್ಚುತ್ತಿದ್ದ.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವಳೂ ಹಾಕಿದಳು. ಗುಂಡಿಯ ಅಂಚು ನೆಟ್ಟಗಿತ್ತು. ಇವರಿಗೆ ಹಿಡಿಸುತ್ತಿತ್ತು ಎಂದುಕೊಂಡಳು, ಹಾಗೆ ಅಂದುಕೊಂಡದ್ದಕ್ಕೆ ತಾನೇ ಬೆಚ್ಚಿದಳು.

*

ಕೊಳದ ಅಂಚಿಗೆ ಕಲ್ಲು ಜೋಡಿಸಿದ ದಿನ ಅವನು ಕಲ್ಲು ಕಲ್ಲಿನ ನಡುವೆ ಬೆರಳಿಟ್ಟು ಸಂದು ಅಳೆದಿದ್ದ. ಹಲ್ಲಿನ ಸೆಟ್ಟು ಇಟ್ಟ ಹಾಗಿದೆ ಎಂದು ಅವಳು ಹೇಳಿದಾಗ ಅವನಿಗೇ ನಗು ತಡೆಯಲಾಗಲಿಲ್ಲ. ಎಲ್ಲವನ್ನೂ ತೆಗೆದರು. ದೊಡ್ಡದು ಎರಡು ಒಟ್ಟಿಗೆ, ಪಕ್ಕದಲ್ಲಿ ಪುಡಿಗಲ್ಲು, ಒಂದು ಅರ್ಧ ನೀರಲ್ಲಿ, ಇನ್ನೊಂದು ಉರುಳಿಹೋದ ಹಾಗೆ ದೂರದಲ್ಲಿ: ಅವಳು ತೋರಿಸಿದಳು. ರಫೂ ಕಾಣಬಾರದು, ಕಂಡರೆ ಅದು ತೇಪೆ ಎಂದಳು. ಆಮೇಲೆ ಅವನು ಒಂದು ಕಲ್ಲು ಇಡುವುದು, ಒಳಗೆ ಹೋಗಿ ನೀರು ಕುಡಿದು, ಬೇರೆಯವರ ಮನೆಗೆ ಬಂದವನ ಹಾಗೆ ಹೊರಗೆ ಬಂದು ನೋಡುವುದು. ಹೀಗೆ ಒಂದು ತಿಂಗಳು ಕಳೆಯಿತು.

ಕಳೆದ ಸಲ ಮಗಳು ಬಂದಾಗ ಪುಟ್ಟಿ ನೀರು ಕಂಡು ಓಡಿದಳು. ಅವನು ಮಂಡಿನೋವು ಮರೆತು ಜಿಗಿದು ಅವಳ ಲಂಗದ ತುದಿ ಹಿಡಿದ. ಮಗಳು ಅಂದೇ ಹೊರಟುಹೋದಳು. ಅವನು ಕತ್ತಲಾಗುವ ತನಕ ದಡದಲ್ಲಿ ಕೂತಿದ್ದ. ಕೋಲನ್ನು ನೀರಿಗೆ ಇಳಿಸುವುದು, ತೆಗೆಯುವುದು.

“ಅದಕ್ಕೊಂದು ದಾರಿ ಮಾಡ್ತೀನಿ ಬಿಡು,” ಎಂದ.

ಬೇಲಿ ಹಾಕುವ ಯೋಚನೆ ಇರಬೇಕು ಎಂದುಕೊಂಡಳು ಅವಳು. ಬೇಲಿಯಾದರೆ ನೆಟ್ಟಗಿರುತ್ತದೆ, ಅವನಿಗೂ ಖುಷಿ. ಸ್ವಲ್ಪ ದಿನ ಬಿಟ್ಟು, ನೀರು ಕಿಟಕಿಗೆ ಇನ್ನೂ ಸ್ವಲ್ಪ ಹತ್ತಿರ ಬರಲಿ ಎಂದು ಮಾತ್ರ ಕೇಳಿದಳು. ಅವನು ಗೊಣಗುತ್ತಲೇ ಮನೆಯ ಕಡೆಯ ಅಂಚನ್ನು ಅಗಲಿಸಿ ಕೊಟ್ಟ. ದಾರಿ ಯಾವುದೆಂದು ಕೇಳಲಿಲ್ಲ. ಕೇಳಲು ಬೇಕಾದಷ್ಟು ದಿನಗಳಿದ್ದವು ಆಗ.

*

ಸ್ಮಶಾನದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ವೆಲ್ಡರ್ ನಲ್ಲಿಯ ಬಳಿ ಬಂದು ನಿಂತ.

“ಅಕ್ಕ, ಇದು ಹೇಳೋ ಹೊತ್ತಲ್ಲ. ಮೇಸ್ತ್ರಿ ಒಂದು ಸಾಮಾನು ಮಾಡಿಸಿದ್ರು. ಅಂಗಡೀಲೇ ಇದೆ. ಬೇರೆ ಯಾರ ಮನೆಗೂ ಆಗಲ್ಲ ಅದು.”

“ಏನು ಸಾಮಾನು?”

“ಕಬ್ಬಿಣದ ಜಾಲರಿ. ನೀರಿನ ಒಳಗೆ, ಅಂಗೈ ಮುಳುಗೋವಷ್ಟು ಕೆಳಗೆ ಕೂರಬೇಕಂತೆ. ಕಿಟಕಿ ಸರಳು ಕೂದಲಷ್ಟು ಓರೆ ಇದ್ರೂ ವಾಪಸ್ ಕಳಿಸೋ ಮನುಷ್ಯ, ದುಪ್ಪಟಿಯಷ್ಟು ದೊಡ್ಡ ಕಾಗದದಲ್ಲಿ ಕೊಳದ ಅಂಚಿನ ಗೆರೆ ಎಳೆದು ತಂದು ನೆಲದ ಮೇಲೆ ಹಾಸಿ, ಹೀಗೇ ಮಾಡು, ಎಲ್ಲಾದ್ರೂ ನೆಟ್ಟಗೆ ಮಾಡಿದ್ಯೋ ನೋಡು ಅಂದ್ರು. ನಾನು ತಮಾಷೆ ಅನ್ಕೊಂಡೆ.” ಅವನು ಮೂಗು ಒರೆಸಿಕೊಂಡ. “ಎಷ್ಟು ಭಾರ ತಡೀಬೇಕು ಅಂತ ಕೇಳ್ದೆ. ನೀನು ಕುಣಿದ್ರೂ ಬಗ್ಗಬಾರದು ಅಂದ್ರು.”

ಅವಳು ನಲ್ಲಿ ನಿಲ್ಲಿಸುವುದನ್ನು ಮರೆತಳು. ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಲಾರಿಯ ಸದ್ದು. ಭಾವ ಕೈಬೀಸಿ, ಇನ್ನೂ ಬರಲಿ, ಇನ್ನೂ ಬರಲಿ ಎಂದು ಅದನ್ನು ಹಿಂದಕ್ಕೆ ಕರೆಯುತ್ತಿದ್ದರು. ಅವಳು ಒದ್ದೆ ಕೈಯಲ್ಲೇ ಹೋಗಿ ಲಾರಿಗೂ ಕೊಳಕ್ಕೂ ನಡುವೆ ನಿಂತಳು. ಮದುವೆಯಾಗಿ ಬಂದಂದಿನಿಂದ ಭಾವನ ಮಾತಿಗೆ ಎದುರಾಡಿದವಳಲ್ಲ.

“ಒಂದೇ ದಿನ ಎರಡು ಗುಂಡಿಗೆ ಮಣ್ಣು ಹಾಕೋಕೆ ನನ್ನ ಕೈಲಿ ಆಗಲ್ಲ, ಭಾವ.”

ಭಾವನ ಕೈ ಗಾಳಿಯಲ್ಲೇ ನಿಂತಿತು. ಚಾಲಕ ಇಂಜಿನ್ ಆರಿಸಿದ. ಅವಳು ಜಾಲರಿಯ ವಿಷಯ ಹೇಳಿದಳು, ಅರ್ಧಂಬರ್ಧ. ಉಳಿದದ್ದನ್ನು ವೆಲ್ಡರ್ ಹೇಳಿದ. ಎಲ್ಲರೂ ಮಗಳ ಕಡೆ ತಿರುಗಿದರು.

“ತರಿಸಿ, ನೋಡ್ತೀನಿ,” ಎಂದಳು ಮಗಳು. “ನೋಡದೆ ಹೂಂ ಅನ್ನಲ್ಲ.”

ಹೇರಿಕೊಂಡು ಬಂದ ಮಣ್ಣನ್ನು ಚಾಲಕ ವಾಪಸ್ ಒಯ್ಯಲು ಒಪ್ಪಲಿಲ್ಲ. ಹಿಂದಿನ ಗೋಡೆಯ ಪಕ್ಕ ಸುರಿಸಿ, ಭಾವ ತಾವೇ ಗುದ್ದಲಿ ಹಿಡಿದು ಅದನ್ನು ಕೊಳದ ಹಿಂಬದಿಗೆ ದಿಬ್ಬದ ಹಾಗೆ ಏರಿಸತೊಡಗಿದರು. ಗಿಡ ಇಟ್ಟರೆ ನೆರಳಾಗುತ್ತದೆ ಎಂದು ಯಾರೂ ಕೇಳದೆಯೇ ಹೇಳಿದರು.

ಟೈಲ್ಸಿನವರಿಬ್ಬರು ಜಾಲರಿಯನ್ನು ತಲೆಯ ಮೇಲೆ ಹೊತ್ತು ತಂದರು. ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿ, ಅದನ್ನು ನೀರಿಗೆ ಇಳಿಸಿದರು. ಅಂಗಿಯ ಕಂಕುಳಿಗೆ ತೋಳು ಕೂರುವ ಹಾಗೆ ಅದು ಪ್ರತಿ ಡೊಂಕಿಗೂ ಒಗ್ಗಿ, ಅವನು ಅಗೆದಿದ್ದ ಮೇಲಿನ ಮೆಟ್ಟಿಲ ಮೇಲೆ ಕೂತಿತು. ಮನೆಯ ಕಡೆ ಮಾತ್ರ ಒಂದು ಮೊಳ ಸಾಲಲಿಲ್ಲ. ಅಲ್ಲಿ ನೀರು ಕಪ್ಪಗೆ ಬಾಯಿ ತೆರೆದಿತ್ತು.

ವೆಲ್ಡರ್ ಮುಖ ಸಣ್ಣದಾಯಿತು. ಕಾಗದದ ಪ್ರಕಾರವೇ ಮಾಡಿದ್ದೇನೆ ಎಂದ. ಮೇಸ್ತ್ರಿಯ ಅಳತೆ ತಪ್ಪಿತೇ ಎಂದು ಟೈಲ್ಸಿನವರು ಒಬ್ಬರ ಮುಖ ಒಬ್ಬರು ನೋಡಿದರು. ಹಾಗೆ ಆಗಲು ಸಾಧ್ಯವೇ ಇಲ್ಲ ಎಂಬಂತಿತ್ತು ಅವರ ನೋಟ.

“ಅಳತೆ ಸರಿಯಾಗೇ ಇತ್ತು. ಆಮೇಲೆ ಅಗಲಿಸಿ ಅಂದೋಳು ನಾನು,” ಎಂದಳು ಅವಳು.

ಸೆರಗು ಬಿಗಿದು ದಡದಲ್ಲಿ ಕೂತಳು. ಗೋಡೆಯ ಬಳಿಯಿದ್ದ ಗುಂಡುಕಲ್ಲುಗಳ ರಾಶಿಯಿಂದ ಒಂದೊಂದನ್ನು ತಂದು ಆ ತೆರಪಿಗೆ ಇಳಿಸತೊಡಗಿದಳು. ಕೆಳಗೆ ದೊಡ್ಡವು, ಮೇಲೆ ಸಣ್ಣವು, ದಡದಿಂದ ಜಾಲರಿಯ ತನಕ ಇಳಿಜಾರಾಗಿ. ಸ್ವಲ್ಪ ಹೊತ್ತಿಗೆ ಟೈಲ್ಸಿನವರೂ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತರು.

“ಅಣ್ಣ, ಸಾಲು ಬರ್ತಾ ಇದೆ ನೋಡಿ.”

“ಏನು ಮಾಡೋದಕ್ಕ, ಅವರ ಹತ್ರ ಕಲಿತ ಕೈ. ಸೊಟ್ಟ ಬಾ ಅಂದ್ರೆ ಬರಲ್ಲ.”

“ಅವರಿಗೇ ಬಂತು, ನಿಮಗೆ ಬರಲ್ವಾ?”

ಆ ದಿನ ಆ ಮನೆಯಲ್ಲಿ ಜನ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಕೆಮ್ಮಿ ಮುಚ್ಚಿಕೊಳ್ಳಲು ಯಾರೂ ಹೋಗಲಿಲ್ಲ.

ಮಗಳು ಪುಟ್ಟಿಯನ್ನು ಅಮ್ಮನ ಕೈಗೆ ಕೊಟ್ಟು ಚಪ್ಪಲಿ ಬಿಟ್ಟಳು. ಜಾಲರಿಯ ಮೇಲೆ ಒಂದು ಕಾಲಿಟ್ಟಳು, ಮತ್ತೊಂದನ್ನು ಇಟ್ಟಳು. ನೀರು ಕಣಕಾಲಿನ ಗಂಟಿಗೂ ಬರಲಿಲ್ಲ. ನಡುವೆ ಹೋಗಿ ಜೋರಾಗಿ ಕುಪ್ಪಳಿಸಿದಳು. ಅಂಚಿನುದ್ದಕ್ಕೂ ಬಗ್ಗಿ, ಮಗುವಿನ ಕಾಲು ನುಸುಳುವ ಸಂದಿದೆಯೇ ಎಂದು ಬೆರಳು ತೂರಿಸಿ ನೋಡಿದಳು. ಕಲ್ಲಿನ ಇಳಿಜಾರಿನಲ್ಲಿ ಎರಡು ಕಲ್ಲು ಅಲುಗಾಡುತ್ತವೆ ಎಂದಳು. ತೆಗೆದು ಬೇರೆ ಇಟ್ಟರು. ಇನ್ನೊಂದು ಎಂದಳು, ಅದನ್ನೂ ಇಟ್ಟರು. ಥೇಟ್ ಅವರಪ್ಪನೇ ಎಂದು ಭಾವ ದಿಬ್ಬದ ಮೇಲಿಂದ ಹೇಳಿದರು.

ಆಮೇಲೆ ಮಗಳು ನೀರಿನ ನಡುವೆ ಎಲ್ಲರಿಗೂ ಬೆನ್ನು ಹಾಕಿ ನಿಂತುಬಿಟ್ಟಳು. ಭುಜ ಒಂದೆರಡು ಸಲ ಅಲುಗಿತು. ಮುಖ ಒರೆಸಿಕೊಂಡು ತಿರುಗಿ, ಎರಡೂ ಕೈ ಚಾಚಿದಳು.

“ಕೊಡಮ್ಮ ಅವಳನ್ನ.”

ಸಂಜೆ ಮುಂದಿನ ಕೋಣೆಯಲ್ಲಿ ಉಳಿದಿದ್ದ ನಾಲ್ಕು ಜನ ಹೊರಡಲು ಎದ್ದಾಗ, ಪುಟ್ಟಿ ಅಡುಗೆಮನೆಯಿಂದ ತೊಪ್ಪೆಯಾಗಿ ನೆನೆದುಕೊಂಡು ಓಡಿ ಬಂದಳು. ಹಿಂದೆಯೇ ನೆಲ ಒರೆಸಲು ಬಟ್ಟೆ ಹಿಡಿದು ಬಂದ ಮಗಳನ್ನು ಅವಳು ಕಣ್ಣಲ್ಲೇ ತಡೆದಳು. ಕನ್ನಡಿಯಂಥ ನೆಲದ ಮೇಲೆ, ಸಂದುಗಳ ಲೆಕ್ಕವಿಲ್ಲದೆ, ಅಂಗೈಯಷ್ಟೂ ಇಲ್ಲದ ಒದ್ದೆ ಹೆಜ್ಜೆಗಳು ಅತ್ತ ಇತ್ತ ತಿರುಗುತ್ತ ಹೋಗಿದ್ದವು. ಹೊರಟವರು ಬಟ್ಟೆ ಎತ್ತಿ ಹಿಡಿದು ಅವನ್ನು ಒಂದೊಂದಾಗಿ ದಾಟಿಕೊಂಡು ಹೋದರು. ಹಿಂದಿನ ಹೆಜ್ಜೆಗಳು ಆರುತ್ತಿದ್ದವು. ಮುಂದೆ, ಬೀದಿಯ ಬಾಗಿಲ ತನಕ, ಹೊಸವು ಮೂಡುತ್ತಲೇ ಇದ್ದವು.