ನಾಲ್ಕು ಗಂಟೆಯ ಸಹಿ

ಎರಡು ಗಂಟೆಗೆ ಹಾಜರಿ ಯಂತ್ರಕ್ಕೆ ಬೆರಳೊತ್ತಿ ಪಾಳಿ ಮುಗಿಸಬೇಕು, ಆಮೇಲೆ ಮತ್ತೆ ವಾರ್ಡಿಗೆ ಹೋಗಿ ನಾಲ್ಕರವರೆಗೆ ದುಡಿಯಬೇಕು. ನಮ್ಮ ಆಸ್ಪತ್ರೆಯ ಮ್ಯಾನೇಜರ್ ಕಂಡುಹಿಡಿದ ನ್ಯಾಯವಿದು. ಮಧ್ಯಾಹ್ನದ ಆಯಾಳನ್ನು ಕೆಲಸದಿಂದ ತೆಗೆದು ಎಂಟು ತಿಂಗಳಾಗಿತ್ತು. ಅವಳ ಎರಡು ಗಂಟೆಯನ್ನು ಬಿಟ್ಟಿಯಾಗಿ ಬೆಳಗಿನ ಪಾಳಿಯ ಆಯಾ ಆದ ನನ್ನ ತಲೆಗೆ ಕಟ್ಟಿದ್ದರು.

ನಮ್ಮದು ಎದ್ದು ಕೂರಲಾಗದ ಮುದುಕರ ವಾರ್ಡು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ. ಹೊರಳಿಸಿದವರು ಮಂಚದ ಕಾಲ್ಬದಿಯ ಪಟ್ಟಿಯಲ್ಲಿ ಗಂಟೆ ಬರೆದು ಸಹಿ ಹಾಕಬೇಕು. ಮನೆಯಲ್ಲಿ ನನ್ನಮ್ಮನೂ ಹಾಗೇ ಮಲಗಿದ್ದಾಳೆ. ಪಕ್ಕದ ಮನೆಯ ಅಕ್ಕ ಹನ್ನೆರಡಕ್ಕೆ ಹೊರಳಿಸಿ ತನ್ನ ಕೆಲಸಕ್ಕೆ ಹೋದರೆ, ಮತ್ತೆ ನಾನೇ ಹೋಗಬೇಕು. ಎರಡೂವರೆಗೆ ಮನೆ ಸೇರುತ್ತಿದ್ದವಳು ನಾಲ್ಕೂವರೆಗೆ ಸೇರತೊಡಗಿದೆ.

ಕೇಳಿದೆ, ಬೇಡಿದೆ, ಕಡೆಗೆ ಕಾರ್ಮಿಕ ಕಚೇರಿಗೆ ದೂರು ಕೊಟ್ಟೆ.

ವಿಚಾರಣೆಯ ದಿನ ಮ್ಯಾನೇಜರ್ ದಪ್ಪ ಫೈಲು ಹಿಡಿದು ಬಂದ. ಅಧಿಕಾರಿ ಮೇಡಂಗೆ ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಕೇಳಿದರು.

"ಯಂತ್ರ ಸುಳ್ಳು ಹೇಳುತ್ತಾ ಮೇಡಂ?" ಅಂದ ಅವನು. "ಎರಡಕ್ಕೆ ಡ್ಯೂಟಿ ಮುಗಿಯುತ್ತೆ. ಆಮೇಲೆ ಇವರು ಹರಟೆ ಹೊಡೀತಾ ಕೂತರೆ ಅದಕ್ಕೂ ಸಂಬಳ ಕೊಡೋಕಾಗುತ್ತಾ?"

ನನ್ನ ಮೈಯೆಲ್ಲ ಉರಿದುಹೋಯಿತು. "ಹನ್ನೊಂದು ಜನರ ಹೇಲು ಉಚ್ಚೆ ಬಳಿಯೋದು ಹರಟೆನಾ ಸಾರ್? ಒಂದಿನ ಬನ್ನಿ, ನೀವೂ ಹರಟೆ ಹೊಡೀರಿ!"

ಮೇಡಂ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. "ಹಾಗಾದ್ರೆ ಎರಡರಿಂದ ನಾಲ್ಕರವರೆಗೆ ರೋಗಿಗಳನ್ನ ಯಾರು ನೋಡ್ಕೋತಾರೆ?"

ಅವನು ಎದೆಯುಬ್ಬಿಸಿದ. "ನಮ್ಮಲ್ಲಿ ಒಬ್ಬರಿಗೂ ಹಾಸಿಗೆ ಹುಣ್ಣಿಲ್ಲ ಮೇಡಂ. ಲೈಸೆನ್ಸ್ ತಪಾಸಣೆಗೆ ಬಂದೋರೇ ಹೊಗಳಿದ್ದಾರೆ. ಬೇಕಾದ್ರೆ ನೋಡಿ." ಫೈಲನ್ನು ಮುಂದೆ ತಳ್ಳಿದ.

ಅದರಲ್ಲಿದ್ದದ್ದು ನಮ್ಮ ಮಂಚದ ಪಟ್ಟಿಗಳು. ಮಹಾಶಯ ಒಂದನ್ನೂ ಓದಿ ನೋಡಿರಲಿಲ್ಲ.

ಮೇಡಂ ಹಾಳೆ ಮಗುಚುತ್ತಾ ಹೋದರು. "ನಾಲ್ಕು ಗಂಟೆ. ಇಲ್ಲೂ ನಾಲ್ಕು ಗಂಟೆ. ಎಲ್ಲಾ ಕಡೆ ಈಯಮ್ಮನ ಸಹಿನೇ ಇದೆಯಲ್ರೀ! ಪಟ್ಟಿ ಸುಳ್ಳು ಅನ್ನಿ, ಲೈಸೆನ್ಸ್‌ನೋರಿಗೆ ಬರೀತೀನಿ. ನಿಜ ಅನ್ನಿ, ಸಂಬಳ ಕೊಡಿ. ಯಾವುದು?"

ಮ್ಯಾನೇಜರನ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೊರಗೆ ಹೋಗಿ ಮಾಲೀಕರಿಗೆ ಫೋನು ಮಾಡಿ ಬಂದು, ಪೂರ್ತಿ ಕೊಡುತ್ತೇವೆ ಎಂದು ಒಪ್ಪಿಕೊಂಡ.

ರಾಜಿ ಪತ್ರ ಟೈಪಾಗಿ ಬಂತು. "ಈಗ ಸಮಾಧಾನ ಆಯ್ತೇನಮ್ಮಾ? ಹಾಕು ಸಹಿ," ಅಂದ. ನಾನು ಕೊನೆಯವರೆಗೂ ಓದಿದೆ. ನನಗೆ ಬರಬೇಕಾದದ್ದು ಇನ್ನೇನೂ ಬಾಕಿ ಇಲ್ಲ ಎಂದಿತ್ತು.

"ಈ ಸಾಲು ಹೊಡೆದುಹಾಕಿ ಮೇಡಂ," ಅಂದೆ. "ಇವರ ವಾರ್ಡಲ್ಲಿ ಯಾರಿಗೂ ಹುಣ್ಣಿಲ್ಲ, ನಿಜ. ನನ್ನಮ್ಮನಿಗಿದೆ. ಬೆನ್ನಿನ ಬುಡದಲ್ಲಿ, ಅಂಗೈಯಗಲ. ಈ ಎಂಟು ತಿಂಗಳಲ್ಲಿ ಆದದ್ದು. ಅದಕ್ಕೆ ಗಂಟೆಗೆ ಎಷ್ಟು ಕೊಡ್ತಾರೆ, ಕೇಳಿ."

ಮೇಡಂ ಆ ಸಾಲಿನ ಮೇಲೆ ಗೆರೆ ಎಳೆದರು. ನಾನು ಸಹಿ ಹಾಕಿ, ಅಭ್ಯಾಸಬಲದಿಂದ ಪಕ್ಕದಲ್ಲಿ ಗಂಟೆಯನ್ನೂ ಬರೆದೆ. ಎರಡು.

"ಇವತ್ತು ನಾಲ್ಕಕ್ಕೆ ವಾರ್ಡಲ್ಲಿ ಯಾರಿದ್ದಾರೆ?" ಮ್ಯಾನೇಜರ್ ಗಾಬರಿಯಿಂದ ಕೇಳಿದ.

"ನೀವೇ ಹೊರಳಿಸಿ ಸಾರ್. ಸಹಿ ಹಾಕೋದು ಮರೀಬೇಡಿ."

ಅಮ್ಮ ಹನ್ನೆರಡರಿಂದ ಒಂದೇ ಮಗ್ಗುಲಲ್ಲಿದ್ದಳು. ನಾನು ಬಸ್ಸಿಗೆ ಓಡಿದೆ.