ಎರಡು ಫೈಲಿನ ಬೆಕ್ಕು

ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ದುಡಿದಿದ್ದ ಕಂಡಕ್ಟರ್ ಮಾವನಿಗೆ ನಿವೃತ್ತಿಯಾದ ಮೇಲೆ ಕೂರುವುದು ಹೇಗೆಂದೇ ತಿಳಿಯಲಿಲ್ಲ. ಬೆಳಿಗ್ಗೆ ಎದ್ದವರೇ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವರು. ಈರುಳ್ಳಿ ಹೀಗಲ್ಲ ಹೆಚ್ಚುವುದು ಎನ್ನುವರು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಅತ್ತೆಗೇ ಗೊತ್ತಾಗದ ಹಾಗೆ ಮಾಡಿಟ್ಟರು. ಅತ್ತೆ ಒಂದು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸಿದರು. ಎರಡನೆಯ ತಿಂಗಳು ಮಾವನ ಅಕ್ಕನ ಮಗಳಿಗೆ ಫೋನು ಹಚ್ಚಿದರು.

ಅಕ್ಕನ ಮಗಳು ಪ್ರಾಣಿಗಳ ಡಾಕ್ಟರು. ಮೂರು ಬೀದಿಯಾಚೆ, ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ, ಎರಡು ಕೋಣೆಯ ಕ್ಲಿನಿಕ್ಕು ತೆರೆದು ಒಂದೂವರೆ ವರ್ಷವಾಗಿತ್ತು. ಸಹಾಯಕ್ಕಿದ್ದ ನರ್ಸು ಹೆರಿಗೆ ರಜೆಯ ಮೇಲೆ ಹೋಗಿದ್ದಳು.

"ನಿಮ್ಮ ಮಾವನ್ನ ಕಳಿಸ್ತೀನಿ ಕಣೇ. ಒಂಬತ್ತಕ್ಕೆ ಬರ್ತಾರೆ, ಆರು ಗಂಟೆಗೆ ಮುಂಚೆ ಮಾತ್ರ ಬಿಡಬೇಡ" ಎಂದರು ಅತ್ತೆ. ಮಾವನ ಹತ್ತಿರ ಹೇಳಿದ್ದೇ ಬೇರೆ. ಪಾಪ ಹುಡುಗಿ ಒಬ್ಬಳೇ ಒದ್ದಾಡುತ್ತಿದ್ದಾಳೆ, ನಿಮ್ಮಂಥ ಅನುಭವಸ್ಥರು ಬೇಕೇ ಬೇಕು ಅಂತ ದುಂಬಾಲು ಬಿದ್ದಿದ್ದಾಳೆ ಎಂದರು. ಮಾವ ಉಬ್ಬಿಹೋದರು.

ಆದರೆ ಪ್ರಾಣಿಗಳೆಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬುಟ್ಟಿಯಲ್ಲಿ ಕೂತು ಪ್ರಯಾಣ ಮಾಡುತ್ತಿದ್ದ ಕೋಳಿಯೊಂದು ಕುಕ್ಕಿದ ಗುರುತು ಇನ್ನೂ ಅವರ ಹೆಬ್ಬೆರಳಿನ ಮೇಲಿತ್ತು. ನಾಯಿಯಾಗಲಿ ಬೆಕ್ಕಾಗಲಿ ಮನೆಯ ಹೊಸ್ತಿಲು ದಾಟಕೂಡದು ಎಂದು ಮದುವೆಯಾದ ಹೊಸತರಲ್ಲೇ ಅತ್ತೆಗೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಮೊದಲ ವಾರ ಕ್ಲಿನಿಕ್ಕಿನಲ್ಲಿ ಮಾವ ಪ್ರಾಣಿಗಳನ್ನು ಬಿಟ್ಟು ಅವುಗಳ ಮಾಲೀಕರನ್ನಷ್ಟೇ ನೋಡಿಕೊಂಡರು. ನಾಯಿಯವರು ಕಿಟಕಿ ಕಡೆ, ಬೆಕ್ಕಿನವರು ಗೋಡೆ ಕಡೆ, ಹಕ್ಕಿಯವರು ಪಂಜರವನ್ನು ಮೇಲಿನ ಹಲಗೆಯ ಮೇಲಿಟ್ಟು ಕೆಳಗೆ. "ಒಳಗೆ ಸರೀರಿ, ಒಳಗೆ ಸರೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ದಿನಕ್ಕೆ ನೂರು ಸಲ ಹೇಳುವರು. ರೆಕ್ಕೆಗೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದ ಗಿಣಿಯೊಂದು ನಾಲ್ಕೇ ಭೇಟಿಯಲ್ಲಿ ಅದನ್ನು ಕಲಿತುಬಿಟ್ಟಿತು. ಈಗ ಮನೆಗೆ ಬಂದವರನ್ನೆಲ್ಲ ಸೀದಾ ಮಲಗುವ ಕೋಣೆಯವರೆಗೂ ಸರಿಸುತ್ತಿದೆ ಎಂದು ಗಿಣಿಯ ಯಜಮಾನಿ ದೂರು ತಂದಳು.

ಎರಡನೆಯ ವಾರ ಕೈ ಹಾಕದೆ ವಿಧಿಯಿರಲಿಲ್ಲ. ಕುಸ್ತಿ ಕಲಿಸುವ ಆಜಾನುಬಾಹು ಒಬ್ಬ ತನ್ನ ಮೊಲಕ್ಕೆ ಸೂಜಿ ಚುಚ್ಚುವುದನ್ನು ನೋಡಿ ದೊಪ್ಪನೆ ಬಿದ್ದ. ಡಾಕ್ಟರು ಅವನ ತಲೆ ಹಿಡಿದುಕೊಂಡಳು, ಮೊಲ ಮಾವನ ಪಾಲಿಗೆ ಬಂತು. ಎದೆಗೆ ಅವಚಿಕೊಂಡರೆ ಅದರ ಗುಂಡಿಗೆ ಮಾವನ ಅಂಗೈಯೊಳಗೆ ಡವಡವ ಎನ್ನುತ್ತಿತ್ತು. ತನಗಿಂತ ಇದಕ್ಕೇ ಹೆಚ್ಚು ಹೆದರಿಕೆ ಎಂದು ಮಾವನಿಗೆ ಆಗ ಹೊಳೆಯಿತು. ಅಲ್ಲಿಂದ ಮುಂದೆ ಹಿಡಿಯುವುದು, ತೂಕ ಮಾಡುವುದು, ಸೂಜಿ ಚುಚ್ಚುವ ಜಾಗದಲ್ಲಿ ಯಂತ್ರ ಹಿಡಿದು ಕೂದಲು ಬೋಳಿಸುವುದು ಎಲ್ಲ ಅವರದೇ ಕೆಲಸವಾಯಿತು. ಬೋಳಿಸುವುದರಲ್ಲಿ ಮಾತ್ರ ಕೈ ಪಳಗಲಿಲ್ಲ. ದುಂಡಗೆ ಬರಬೇಕಾದ್ದು ಒಮ್ಮೆ ಬದನೆಕಾಯಿಯಾಗುವುದು, ಒಮ್ಮೆ ಚಪ್ಪಲಿಯಾಗುವುದು.

ಹೀಗೆ ಎರಡು ತಿಂಗಳು ಕಳೆದಿರುವಾಗ ದರ್ಜಿಯವನು ಬೆಕ್ಕು ತಂದ. ಹಿಂದಿನ ಬೀದಿಯ ತಿರುವಿನಲ್ಲಿ ಅವನ ಅಂಗಡಿ. ಬೆಕ್ಕಿನ ಹೆಸರು ದೊರೆ. ಬೂದುಬಣ್ಣ, ಮೈಮೇಲೆ ಪಟ್ಟೆ, ಎಲ್ಲ ಬೀದಿಯಲ್ಲೂ ಹತ್ತು ಸಿಗುವಂಥ ಗಂಡು ಬೆಕ್ಕು. ನಾಲ್ಕು ವರ್ಷದಿಂದ ಸರಿಯಾಗಿದ್ದವನು ಎರಡು ತಿಂಗಳಿಂದ ಊದಿಕೊಳ್ಳುತ್ತಿದ್ದಾನೆ, ಒಂದು ಹಿಡಿ ಮೀನು ಬಿಟ್ಟರೆ ಏನೂ ಹಾಕುವುದಿಲ್ಲ ಎಂದು ದರ್ಜಿ ಅಲವತ್ತುಕೊಂಡ. ತಕ್ಕಡಿ ಆರು ಕಿಲೋ ಇನ್ನೂರು ಗ್ರಾಂ ತೋರಿಸಿತು. ಆ ಒಂದು ಹಿಡಿಯನ್ನೂ ಅರ್ಧ ಮಾಡಲು ಡಾಕ್ಟರು ಹೇಳಿದಳು.

ಅದೇ ವಾರ ಡ್ರೈವಿಂಗ್ ಶಾಲೆಯ ಅಕ್ಕ ಬಂದಳು. ಕಲಿಯುವವರ ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಬೆಕ್ಕನ್ನು ಕೂರಿಸಿಕೊಂಡು ಬಂದಿದ್ದಳು. ಅದರ ಹೆಸರು ಬೆಣ್ಣೆ. ಅದೂ ಬೂದು, ಅದೂ ಪಟ್ಟೆ. ಅವಳ ದೂರೂ ಅದೇ: ಒಂದು ಮೊಟ್ಟೆ, ಒಂದು ಲೋಟ ಹಾಲು, ಇಷ್ಟರಲ್ಲೇ ಹೀಗೆ ಉಬ್ಬುವುದು ಹೇಗೆ? ಡಾಕ್ಟರು ಅವಳಿಗೂ ಊಟ ಅರ್ಧ ಮಾಡಲು ಹೇಳಿದಳು. ಎರಡು ವಾರ ಬಿಟ್ಟು ಇಬ್ಬರೂ ಬೇರೆ ಬೇರೆ ದಿನ ಮತ್ತೆ ಬಂದರೆ ದೊರೆಯೂ ನೂರು ಗ್ರಾಂ ಏರಿದ್ದ, ಬೆಣ್ಣೆಯೂ ನೂರು ಗ್ರಾಂ ಏರಿದ್ದ.

ಡಾಕ್ಟರ ಕಣ್ಣು ಮಿನುಗತೊಡಗಿತು. ಮಧ್ಯಾಹ್ನ ಊಟ ಮಾಡುತ್ತಲೇ ದಪ್ಪ ಪುಸ್ತಕ ತೆರೆದಿಟ್ಟುಕೊಂಡಳು. ಒಂದೇ ಬಡಾವಣೆ, ಒಂದೇ ವಯಸ್ಸು, ಒಂದೇ ಲಕ್ಷಣ. ಗ್ರಂಥಿಯದ್ದೇನಾದರೂ ಹೊಸ ಕಾಯಿಲೆಯಿರಬಹುದೇ, ಇಲ್ಲಿಯ ನೀರಿನಲ್ಲೇ ದೋಷವಿದೆಯೇ ಎಂದು ಮಾವನನ್ನೇ ಕೇಳಿದಳು. ಪತ್ರಿಕೆಗೆ ಕಳಿಸಲು ಎರಡು ಪುಟ ಬರೆದೂ ಇಟ್ಟಳು. ಮಾವ ಎರಡು ದಿನ ನಲ್ಲಿ ನೀರು ಮುಟ್ಟಲಿಲ್ಲ. ಕನ್ನಡಿಯ ಮುಂದೆ ನಿಂತು ತಮ್ಮ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡರು.

ರಕ್ತಪರೀಕ್ಷೆಗೆಂದು ಸೋಮವಾರ ದೊರೆಯನ್ನು ಕರೆಸಿದ್ದಾಯಿತು. ಬಲ ಮುಂಗಾಲಿನ ಮೇಲೆ ಮಾವನೇ ಯಂತ್ರ ಆಡಿಸಿದರು. ಈ ಸಲ ಆದದ್ದು ಗೋಡಂಬಿಯ ಆಕಾರ. ಬುಧವಾರ ಡ್ರೈವಿಂಗ್ ಅಕ್ಕ ಬೆಣ್ಣೆಯನ್ನು ಎತ್ತಿಕೊಂಡು ಓಡೋಡಿ ಬಂದಳು. ಡಾಕ್ಟರು ಒಳಗೆ ನಾಯಿಯೊಂದರ ಹಲ್ಲು ಕೀಳುತ್ತಿದ್ದಳು. ಅಕ್ಕ ಬೆಕ್ಕಿನ ಕಾಲನ್ನು ಮಾವನ ಮುಂದೆ ಹಿಡಿದಳು.

"ಈಗ ಕೂದಲೂ ಉದುರೋಕೆ ಶುರುವಾಗಿದೆ, ಮಾವ. ನೋಡಿ, ಬಲಗಾಲಲ್ಲಿ."

ಮಾವ ನೋಡಿದರು. ಗೋಡಂಬಿ. ತಮ್ಮ ಕೈಯ ಕಸೂತಿ ತಮಗೇ ಗುರುತು ಸಿಗದೆ ಇರುತ್ತದೆಯೇ? ಬೆಕ್ಕು ಅವರ ಮುಖವನ್ನು ನೋಡಿ, ಮೊನ್ನೆ ತಾನೇ ಪರಿಚಯವಾದವರನ್ನು ನೋಡಿದಂತೆ, ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿತು. ಒಂದೇ ಪಾಸಿನ ಮೇಲೆ ಅಣ್ಣ ತಮ್ಮ ಇಬ್ಬರೂ ತಿರುಗಾಡುವುದನ್ನು ಮಾವ ಎಷ್ಟೋ ಸಲ ಹಿಡಿದಿದ್ದರು. ಒಬ್ಬನೇ ಎರಡು ಪಾಸು ಮಾಡಿಸಿಕೊಂಡು ಹಾಯಾಗಿ ಕೂತಿದ್ದನ್ನು ಇದೇ ಮೊದಲು ನೋಡಿದ್ದು.

ಅವರು ಮುಖ ಬಿಗಿಹಿಡಿದು, ಕೂದಲು ಬೆಳೆಯುತ್ತದೆ ಹೆದರಬೇಡಿ ಎಂದು ಅವಳಿಗೆ ಧೈರ್ಯ ಹೇಳಿ, ಶನಿವಾರ ಹನ್ನೊಂದಕ್ಕೆ ಬರಲು ಹೇಳಿ ಕಳಿಸಿದರು. ದರ್ಜಿಗೂ ಶನಿವಾರ ಹನ್ನೊಂದಕ್ಕೇ ಬರಲು ಫೋನು ಮಾಡಿದರು. ಬೆಕ್ಕು ಸಿಗದಿದ್ದರೆ ನೀವೊಬ್ಬರೇ ಬನ್ನಿ ಎಂದರು. ಅಕ್ಕನ ಮಗಳಿಗೆ ಹೇಳುವುದೇ ಕಷ್ಟವಾಯಿತು. ಎರಡು ಫೈಲನ್ನೂ ಅಕ್ಕಪಕ್ಕ ಇಟ್ಟು ತಕ್ಕಡಿಯ ಲೆಕ್ಕ ತೋರಿಸಿ, ಗೋಡಂಬಿಯ ವಿಷಯ ಹೇಳಿದರು. ಅವಳು ತಾನು ಬರೆದಿದ್ದ ಎರಡು ಪುಟವನ್ನು ನಾಲ್ಕಾಗಿ ಮಡಿಚಿ, ಕುಂಟುತ್ತಿದ್ದ ಮೇಜಿನ ಕಾಲ ಕೆಳಗೆ ತುರುಕಿದಳು.

"ಹುಳದ ಔಷಧಿ ಎರಡೆರಡು ಸಲ ಕುಡಿಸಿದೀನಿ ಮಾವ ಅದಕ್ಕೆ" ಎಂದಳು.

"ಕುಡಿದೋನು ಹೇಳಬೇಕಿತ್ತು" ಎಂದರು ಮಾವ. ಆಗ ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕುಸಿದಳು.

ಶನಿವಾರ ಡ್ರೈವಿಂಗ್ ಅಕ್ಕ ಬೆಕ್ಕಿನ ಜೊತೆ ಮೊದಲು ಬಂದು ಕೂತಿದ್ದಳು. ದೊರೆ ಬೆಳಿಗ್ಗೆಯಿಂದ ಕಾಣಿಸುತ್ತಿಲ್ಲ ಎಂದು ಪೆಚ್ಚುಮೋರೆ ಹಾಕಿಕೊಂಡು ಬಂದ ದರ್ಜಿ ಬಾಗಿಲಲ್ಲೇ ನಿಂತುಬಿಟ್ಟ. ಆಮೇಲೆ ನಡೆದದ್ದನ್ನು ಮಾವ ಇವತ್ತಿಗೂ ಇಬ್ಬರ ದನಿಯಲ್ಲೂ ಮಾಡಿ ತೋರಿಸುತ್ತಾರೆ. ಅಂಗೈಯಗಲ ಮರಿಯಿದ್ದಾಗಿನಿಂದ ಸಾಕಿದ್ದೇನೆ ಎಂದ ದರ್ಜಿ. ತನ್ನ ಕಾರಿನ ಬಾನೆಟ್ಟಿನೊಳಗೆ ಸಿಕ್ಕಿಕೊಂಡಿದ್ದ ಮರಿಯನ್ನು ತಾನೇ ಹೊರಗೆಳೆದದ್ದು ಎಂದಳು ಅಕ್ಕ. ಬೆಕ್ಕು ರಾತ್ರಿ ಮಲಗುವುದು ತನ್ನ ಬಟ್ಟೆಯ ಗಂಟಿನ ಮೇಲೆ ಎಂದ ಅವನು. ಹಗಲೆಲ್ಲ ಇರುವುದು ತನ್ನ ಹತ್ತಿರ, ಬರೀ ಮಲಗಲು ಬರುವವನನ್ನು ಮನೆಯವನು ಅನ್ನುವುದಿಲ್ಲ, ಅತಿಥಿ ಅನ್ನುತ್ತಾರೆ ಎಂದಳು ಅವಳು. ಬೆಕ್ಕು ಇಬ್ಬರ ನಡುವೆ ಬೆಂಚಿನ ಮೇಲೆ ಕೂತು ಗೋಡಂಬಿಯನ್ನು ನೆಕ್ಕಿಕೊಳ್ಳುತ್ತಿತ್ತು.

ಡಾಕ್ಟರು ಇಬ್ಬರಿಗೂ ನೀರು ಕೊಟ್ಟು ಕೂರಿಸಿದಳು. ಕೂತ ಮೇಲೆ ಅವಳ ಹುಬ್ಬು ಮತ್ತೆ ಗಂಟಿಕ್ಕಿತು.

"ಒಂದು ಮಾತ್ರ ತಾಳೆ ಆಗ್ತಿಲ್ಲ" ಎಂದಳು. "ನಾಲ್ಕು ವರ್ಷದಿಂದ ಇವನು ಎರಡು ಮನೇಲೂ ತಿಂತಿದಾನೆ. ದಪ್ಪ ಆಗಿರೋದು ಎರಡು ಮೂರು ತಿಂಗಳಿಂದ. ನೀವಿಬ್ಬರೂ ಅರ್ಧ ಮಾಡಿದ ಮೇಲೂ ಏರ್ತಿದಾನೆ. ಅದು ಹೇಗೆ?"

ಅಷ್ಟರಲ್ಲಿ ಬಾಗಿಲು ತೆರೆದು ಅತ್ತೆ ಬಂದರು. ಶನಿವಾರ ಅರ್ಧ ದಿನದ ಕೆಲಸ. ಮಾವನ ಜೊತೆ ಪೇಟೆಗೆ ಹೋಗುವುದಿತ್ತು. ಒಳಗೆ ಕಾಲಿಟ್ಟವರು ಬೆಂಚನ್ನು ನೋಡಿದರು.

"ಅಯ್ಯೋ, ನಮ್ಮ ಗುಂಡ ಇಲ್ಲಿಗೆ ಹೇಗೆ ಬಂದ? ಏನಾಯ್ತು ಅವನಿಗೆ?"

ಹೇಳಿದ ಮೇಲೆ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊರಬಿದ್ದ ಮಾತನ್ನು ಒಳಗೆ ಹಾಕುವುದು ಹೇಗೆ? ಬೆಕ್ಕು ಬೆಂಚಿನಿಂದ ಇಳಿದು, ಬಾಲ ನೆಟ್ಟಗೆ ಮಾಡಿಕೊಂಡು, ನೇರವಾಗಿ ಅತ್ತೆಯ ಕಾಲಿಗೆ ಮೈ ಉಜ್ಜಿತು. ದರ್ಜಿಯೂ ಅಕ್ಕನೂ ಮೊದಲ ಬಾರಿಗೆ ಒಂದೇ ಕಡೆ ನೋಡಿದರು. ಡಾಕ್ಟರು ಮಾವನ ಮುಖ ನೋಡಿದಳು. ಎಪ್ಪತ್ತು ಜನರ ಬಸ್ಸಿನಲ್ಲಿ ಟಿಕೆಟ್ಟಿಲ್ಲದವನನ್ನು ಹಿಂದಿನಿಂದಲೇ ಗುರುತಿಸುತ್ತಿದ್ದ ಮಾವ ಗೋಡೆಯ ಮೇಲಿನ ಲಸಿಕೆಯ ಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಅತ್ತೆ ಏನು ಹಾಕುತ್ತಿದ್ದರು ಎಂದು ಡಾಕ್ಟರು ಮೆಲ್ಲಗೆ ಕೇಳಿದಳು. ಹೆಚ್ಚೇನೂ ಇಲ್ಲ ಎಂದು ಶುರುಮಾಡಿದ ಅತ್ತೆ ಕೆನೆ, ಹುರಿದ ಮೀನು, ತುಪ್ಪ ಸವರಿದ ಬ್ರೆಡ್ಡು ಎಂದು ಹೇಳುತ್ತಾ ಹೋದರು. ಇತ್ತೀಚೆಗೆ ಪಾಪದ್ದು ಬಹಳ ಹಸಿದು ಬರುತ್ತಿತ್ತು, ಯಾರೂ ಇಲ್ಲದ ಪ್ರಾಣಿಯೇನೋ ಅಂತ ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದೆ ಎಂದರು. ಆ ಎರಡು ಮನೆಯಲ್ಲಿ ಊಟ ಅರ್ಧವಾದ ದಿನದಿಂದಲೇ ಈ ಹಸಿವು ಶುರುವಾದದ್ದೆಂದು ಎಲ್ಲರಿಗೂ ಅರ್ಥವಾಯಿತು.

ಆಮೇಲೆ ಜಗಳ ಮುಂದುವರಿಸಲು ಯಾರಿಗೂ ಮನಸ್ಸು ಬರಲಿಲ್ಲ. ಡಾಕ್ಟರು ಎರಡು ಫೈಲನ್ನೂ ಒಂದಕ್ಕೊಂದು ಪಿನ್ನು ಹೊಡೆದು, ಒಂದು ದಿನದ ಒಟ್ಟು ಊಟ ಎಷ್ಟೆಂದು ಬರೆದು ಮಾವನ ಕೈಗೆ ಕೊಟ್ಟಳು. ಮಾವ ವೇಳಾಪಟ್ಟಿ ಹಾಕಿದರು: ಬೆಳಿಗ್ಗೆ ಏಳಕ್ಕೆ ದರ್ಜಿ, ಮಧ್ಯಾಹ್ನ ಒಂದಕ್ಕೆ ಅಕ್ಕ, ಸಂಜೆ ಆರೂವರೆಗೆ ಅತ್ತೆ. ತಪ್ಪಿ ಯಾರಾದರೂ ಒಂದು ಚೂರು ಹೆಚ್ಚು ಹಾಕಿದರೆ ಮಿಕ್ಕ ಇಬ್ಬರಿಗೆ ಫೋನು ಮಾಡಿ ಒಪ್ಪಿಕೊಳ್ಳಬೇಕು. ಹೆಸರಿನ ವಿಷಯದಲ್ಲಿ ಮಾತ್ರ ರಾಜಿಯಾಗಲಿಲ್ಲ. ಫೈಲಿನ ಮೇಲೆ ಮೂರು ಹೆಸರೂ ಉಳಿದವು.

ಪೇಟೆಗೆ ಹೋಗುವ ದಾರಿಯಲ್ಲಿ ಇಬ್ಬರೂ ಎರಡು ಬೀದಿ ದಾಟಿದರು. ಮೂರನೆಯ ಬೀದಿಯಲ್ಲಿ ಮಾವ, ಬೆಕ್ಕು ಯಾವಾಗಿನಿಂದ ಬರುತ್ತಿದೆ ಎಂದು ಕೇಳಿದರು.

"ನೀವು ಕ್ಲಿನಿಕ್ಕಿಗೆ ಹೋಗೋಕೆ ಶುರು ಮಾಡಿದ ನಾಲ್ಕನೇ ದಿನ. ಹಿತ್ತಿಲ ಬಾಗಿಲಲ್ಲಿ ನಿಂತು ಒಳಗೆ ನೋಡ್ತಿದ್ದ. ಥೇಟ್ ನಿಮ್ಮ ಹಾಗೇ, ಅಡುಗೆ ತಪ್ಪು ಅನ್ನೋ ಮುಖ ಮಾಡ್ಕೊಂಡು."

"ನನ್ನ ಓಡಿಸಿದೋಳು ನೀನೇ ಅಲ್ವಾ?"

"ಓಡಿಸಿದ್ದು ನಾನೇ. ಮನೆ ಅಷ್ಟೊಂದು ಸುಮ್ಮನಾಗತ್ತೆ ಅಂತ ಗೊತ್ತಿರಲಿಲ್ಲ" ಎಂದರು ಅತ್ತೆ, ಎದುರಿನ ಅಂಗಡಿಯ ಕಡೆ ನೋಡುತ್ತಾ.

ಮಾವ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡು ತಾವೇ ಹಿಡಿದುಕೊಂಡರು. ಸೋಮವಾರ ಅಕ್ಕನ ಮಗಳ ಹತ್ತಿರ ಮಾತಾಡಿ, ಇನ್ನು ಮುಂದೆ ಮಧ್ಯಾಹ್ನದವರೆಗೆ ಮಾತ್ರ ಬರುವುದಾಗಿ ಒಪ್ಪಿಸಿದರು.

ಅದೇ ಸೋಮವಾರ ಸಂಜೆ ಆರೂವರೆಗೆ ಹಿತ್ತಿಲ ಮೆಟ್ಟಿಲ ಮೇಲೆ ಬಟ್ಟಲು ಹಿಡಿದು ಕೂತವರು ಮಾವನೇ. ಬೆಕ್ಕು ಗೋಡೆ ಹಾರಿ ಬಂದು, ಬಟ್ಟಲೊಳಗಿನ ಮೂರು ಚೂರು ಮೀನನ್ನು ನೋಡಿ, ಮಾವನ ಮುಖ ನೋಡಿತು. ನಿಯಮ ನಿಯಮವೇ ಎಂದರು ಮಾವ. ಅದು ತಿಂದು ಮುಗಿಸಿ, ಅವರನ್ನು ದಾಟಿಕೊಂಡು, ಹೊಸ್ತಿಲನ್ನೂ ದಾಟಿಕೊಂಡು, ಒಳಗೆ ಹೋಗಿ ಅವರ ಕುರ್ಚಿಯ ಮೇಲೆ ಮಲಗಿತು. ಅತ್ತೆ ಬಾಗಿಲಲ್ಲಿ ನಿಂತು ಕಾದರು. ಮಾವ ಬಟ್ಟಲು ತೊಳೆದಿಟ್ಟು ಬಂದು, ಇನ್ನೊಂದು ಕುರ್ಚಿ ಎಳೆದುಕೊಂಡರು.