ಗಿಟಾರಿನ ಹೊಟ್ಟೆಯ ದುಂಬಿ

ಅದು ತಾತನ ಕಾಲದ ಗಿಟಾರು. ದಪ್ಪ ತಂತಿ ಮೀಟಿದರೆ ಒಳಗೆ ಏನೋ ಗುಂಯ್ ಅನ್ನುತ್ತಿತ್ತು. ಚಿಕ್ಕವರಿದ್ದಾಗ ಅಕ್ಕ, “ಒಳಗೆ ದುಂಬಿ ಮಲಗಿದೆ ಕಣೇ, ಎಬ್ಬಿಸಿದ್ರೆ ಬೈಯುತ್ತೆ” ಅಂದಿದ್ದಳು. ತಂಗಿ ನಂಬಿ ತೂತಿನೊಳಗೆ ಸಕ್ಕರೆ ಸುರಿದಳು. ದುಂಬಿ ಬರಲಿಲ್ಲ, ಇರುವೆ ಬಂದವು. ಅಮ್ಮ ಇಬ್ಬರಿಗೂ ಬಾರಿಸಿದಳು.

ಆ ತಂಗಿ ಈಗ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕ ಜೊತೆಗೇ ಇದ್ದಾಳೆ. ಒಂದು ಜ್ವರ ಅವಳ ಕಿವಿ ಎರಡನ್ನೂ ತಿಂದುಹಾಕಿತು. ಕಿರುಚಿದರೆ ಬಲಗಿವಿಗೆ ಅಷ್ಟಿಷ್ಟು ಮುಟ್ಟುತ್ತದೆ. ಆಮೇಲೂ ಅವಳು ಗಿಟಾರಿಗೆ ದವಡೆ ಒತ್ತಿಕೊಂಡು ನುಡಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ತಂತಿ ಕಟ್ಟುವ ಬ್ರಿಜ್ ಪಟ್ಟನೆ ಕಿತ್ತು ಬಂತು. ಗಿಟಾರು ಅಟ್ಟ ಸೇರಿತು. ಅಕ್ಕ ಮಂಕಾದಳು.

“ಆ ಕಟ್ಟಿಗೆ ಬಿಸಾಕೇ,” ಅಂದಳು.

ತಂಗಿ ಬಿಸಾಕಲಿಲ್ಲ. ಫೋನಿನಲ್ಲಿ ಒಬ್ಬ ಬೋಳುತಲೆಯವನ ವಿಡಿಯೋ ಸಿಕ್ಕಿತು. ಅವನು ಮಗುವಿಗೆ ತುತ್ತು ಕೊಡುವ ಹಾಗೆ ಹೇಳಿಕೊಡುತ್ತಿದ್ದ: ಹಳೆಯ ಅಂಟು ಕೆರೆ, ಮರಕ್ಕೆ ಗಾಯ ಮಾಡಬೇಡ, ಈಗಿನ ಕಾಲದ ಅಂಟು ಬೇಡ, ಬಡಗಿಗಳ ಹಳೆಯ ಚರ್ಮದ ಅಂಟು, ಮರವಜ್ರವನ್ನೇ ಕಾಯಿಸಿ ಹಚ್ಚು, ನಾಳೆ ಬಿಚ್ಚಬೇಕಾದರೆ ಬಿಸಿಗೆ ಬಿಡುತ್ತದೆ. ಬಡಗಿಯಿಂದ ಅದನ್ನು ತಂದಳು. ಬ್ರಿಜ್ ಕೂರಿಸಿ, ಮೇಲೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಹೇರಿದಳು. ಕುತ್ತಿಗೆಯ ಮೇಲೆ ಕಪ್ಪಾಗಿದ್ದ ಫ್ರೆಟ್ ಪಟ್ಟಿಗಳನ್ನು ಉಜ್ಜಿ ಮಿಂಚಿಸಿದಳು.

ಮಧ್ಯಾಹ್ನದ ಬಿಸಿಲು ಹೊಲಿಗೆ ಮಿಷನ್ನಿನ ಮೇಲೆ ತೂಕಡಿಸುತ್ತಿತ್ತು. ಅವಳು ಕೈಗನ್ನಡಿ ಹಿಡಿದು ಗಿಟಾರಿನೊಳಗೆ ಬ್ಯಾಟರಿ ಬೆಳಕು ಬಿಟ್ಟಳು. ಒಳಗೆ ಒಂದು ಮನೆಯೇ ಇತ್ತು: ಕಂದು ಗೋಡೆ, ಹಲಗೆಗೆ ಅಂಟಿಸಿದ ಮರದ ಪಟ್ಟಿಗಳೇ ತೊಲೆಗಳು, ಧೂಳಿನ ಹಾಸಿಗೆ. ನೋಡುತ್ತಾ ನೋಡುತ್ತಾ ಆ ಮನೆಯಲ್ಲಿ ತಾನೇ ಓಡಾಡಿದಂತಾಯಿತು. ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಒಂದು ತೊಲೆಯ ತುದಿ ಹಲಗೆಯಿಂದ ಬಿಟ್ಟುಕೊಂಡಿದೆ. ಸಡಿಲವಾದದ್ದನ್ನೆಲ್ಲ ಅಂಟಿಸು ಅಂದಿದ್ದನಲ್ಲ ಬೋಳುತಲೆ, ಅಂಟಿಸಿದಳು.

ಒಣಗಿದ ಮೇಲೆ ತಂತಿ ಬಿಗಿದು ಅಕ್ಕನ ತೊಡೆಯ ಮೇಲಿಟ್ಟಳು. ನಾದ ತೊಳೆದ ಗಾಜಿನ ಹಾಗಿತ್ತು. ಅಕ್ಕ ದವಡೆ ಒತ್ತಿ ದಪ್ಪ ತಂತಿ ಮೀಟಿದಳು. ಮತ್ತೆ ಮೀಟಿದಳು. ಪಕ್ಕಕ್ಕಿಟ್ಟಳು.

“ಚೆನ್ನಾಗಿದೆ ಬಿಡೇ.”

“ಚೆನ್ನಾಗಿದ್ರೆ ಮುಖ ಯಾಕೆ ಹಾಗೆ?” ತಂಗಿ ಕಿರುಚಿದಳು.

“ದುಂಬಿ ಎಲ್ಲೇ?”

“ಯಾವ ದುಂಬಿ?”

“ಕಿವಿ ಹೋದ ಮೇಲೆ ಬೇರೇನೂ ಸಿಗ್ತಿರಲಿಲ್ಲ ಕಣೇ. ಅದೊಂದು ಮೂಳೆಯೊಳಗೆ ಗುಂಯ್ ಅಂತಿತ್ತು. ಅದನ್ನ ಹಿಡ್ಕೊಂಡೇ ನುಡಿಸ್ತಿದ್ದೆ.”

ತಂಗಿಗೆ ಆಗ ಹೊಳೆಯಿತು. ಮೀಟಿದಾಗಲೆಲ್ಲ ಅದುರುತ್ತಿದ್ದ ಆ ತೊಲೆಯ ಬಿಟ್ಟ ತುದಿಯೇ ದುಂಬಿ. ಅದನ್ನು ತಾನೇ ಅಂಟಿಸಿ ಕೊಂದಿದ್ದಾಳೆ.

ಗಟ್ಟಿಯಾದದ್ದನ್ನು ಬೇಕೆಂದೇ ಸಡಿಲ ಮಾಡುವುದು ಬೋಳುತಲೆಯ ಯಾವ ವಿಡಿಯೋದಲ್ಲೂ ಇರಲಿಲ್ಲ. ಆದರೆ ಹೊಲಿದದ್ದನ್ನು ಬಿಚ್ಚದ ಟೈಲರ್ ಎಲ್ಲಿದ್ದಾಳೆ? ತಂತಿ ಸಡಿಲಿಸಿ, ತೆಳು ಚಾಕುವನ್ನು ಕುದಿಯುವ ನೀರಿಗೆ ಅದ್ದಿ, ಕೈಯನ್ನು ಮಣಿಕಟ್ಟು ದಾಟಿ ಗಿಟಾರಿನ ತೂತಿನೊಳಗೆ ತೂರಿಸಿದಳು. ಅಕ್ಕ ಕನ್ನಡಿ ಹಿಡಿದಳು.

“ಜಾಸ್ತಿ ಬಿಚ್ಚಿದ್ರೆ ಹೊಟ್ಟೆ ಕುಸಿಯುತ್ತೆ ಅಕ್ಕಾ! ಕನ್ನಡಿ ಅಲ್ಲಾಡಿಸ್ಬೇಡ!”

“ನಾನೆಲ್ಲಿ ಅಲ್ಲಾಡಿಸ್ದೆ? ನಿನ್ನ ಕೈಯೇ ನಡುಗ್ತಿದೆ ಕೋತಿ. ಇನ್ನೂ ಎಡಕ್ಕೆ.”

ಮತ್ತೆ ಮತ್ತೆ ಅದ್ದಿದಳು. ಕೊನೆಗೆ ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಯಿತು. ಒಂದು ಉಗುರಿನಷ್ಟು ಬಿಡಿಸಿ ಚಾಕು ಹೊರಗೆಳೆದಳು.

ಮಾರನೆಯ ದಿನ ಅಂಟು ಪೂರ್ತಿ ಆರಿದ ಮೇಲೆ ತಂಗಿ ತಂತಿ ಮತ್ತೆ ಬಿಗಿದು ಕೊಟ್ಟಳು. ಅಕ್ಕ ಕಿಟಕಿಯ ಹತ್ತಿರ ಕೂತಳು. ದವಡೆ ಒತ್ತಿದಳು, ಮೀಟಿದಳು. ತಂಗಿಯ ಕಿವಿಗೆ ಬಿದ್ದದ್ದು ಒರಟು, ಕೊಳಕು ಗುಂಯ್. ಬೋಳುತಲೆ ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಅಕ್ಕ ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತು ಬೆರಳು ತಂತಿ ಬಿಡಲಿಲ್ಲ.

“ಏಯ್,” ಅಂದಳು, ಕಣ್ಣು ತೆರೆಯದೆ, “ಸಕ್ಕರೆ ಡಬ್ಬಿ ತಾರೇ.”